ಎರಡನೇ ಭಾಗದ ಲಾಲಿ

ಮಾರ್ಚ್ 9, ಭಾನುವಾರ

ಗೆಳೆಯ ಗಡ್ಡನಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ. ಬೈದುಕೊಂಡಿರುತ್ತೀಯ, ಬೈದುಕೋ. ಕನ್ನಡಕದ ಅಂಗಡಿಯನ್ನು ಈಗ ಅಳಿಯನೇ ನೋಡಿಕೊಳ್ಳುತ್ತಾನೆ. ನಾನು ಬೆಳಗ್ಗೆ ಹೋಗಿ ಗಾಜು ಒರೆಸಿ, ಬಂದವರ ಹತ್ತಿರ ಹರಟಿ, ಊಟದ ಹೊತ್ತಿಗೆ ಮನೆ ಸೇರುತ್ತೇನೆ. ಮಂಡಿನೋವು ಬಿಟ್ಟರೆ ಬೇರೇನೂ ಧಾಡಿಯಿಲ್ಲ. ನಿನ್ನ ಕಣ್ಣಿನ ಆಪರೇಷನ್ ಸುಸೂತ್ರವಾಯಿತೆಂದು ಓದಿ ನೆಮ್ಮದಿಯಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ಮಗಳು ಟಿವಿಯಲ್ಲಿ ನೀನು ಸಂಗೀತ ಕೊಟ್ಟ ಆ ಬಾಹ್ಯಾಕಾಶದ ಸಿನಿಮಾ ಹಾಕಿದಳು. ಮೊದಲನೆಯದಲ್ಲ, ಎರಡನೇ ಭಾಗ. ಮೊದಲನೆಯದಕ್ಕೆ ಜನ ಮುಗಿಬಿದ್ದಿದ್ದರು. ಇದು ಬಂದಾಗ ಇಂಟರ್‌ವಲ್ಲಿಗೇ ಅರ್ಧ ಥಿಯೇಟರ್ ಖಾಲಿ. ನಿನಗೆ ಹೇಳಿರಲಿಲ್ಲ, ಅವತ್ತು ಎದ್ದುಹೋದವರಲ್ಲಿ ನಾನೂ ಒಬ್ಬ. ಈಗ ನೋಡಿದರೂ ಅದೇ ಪಾಡು: ರಟ್ಟಿನ ಗ್ರಹ, ಡಬ್ಬಿಗೆ ಬೆಳ್ಳಿ ಬಣ್ಣ ಬಳಿದ ಯಂತ್ರಮಾನವ, ಮುಗಿಯದ ಮಾತು. ಆದರೆ ಈ ಸಲ ಏಳಲು ಮಂಡಿ ಬಿಡಲಿಲ್ಲ.

ಇಂಟರ್‌ವಲ್ ಆದಮೇಲೆ ಒಂದು ದೃಶ್ಯವಿದೆಯಲ್ಲ, ನೌಕೆಯಲ್ಲಿ ಎಲ್ಲರೂ ಮಲಗಿರುತ್ತಾರೆ, ಆ ಯಂತ್ರ ಲಾಲಿ ಗುನುಗುತ್ತದೆ. ಪದಗಳಿಲ್ಲ, ಬರೀ ರಾಗ. ಸಾಲಿನ ಕೊನೆಯಲ್ಲಿ, ಉಸಿರು ಎಳೆದುಕೊಳ್ಳುವ ಮೊದಲು, ದನಿ ಒಂಚೂರು ಜಾರುತ್ತದೆ. ಬಾಯಿಗೆ ಹೋಗುತ್ತಿದ್ದ ಲೋಟ ನನ್ನ ಕೈಯಲ್ಲೇ ನಿಂತಿತು.

ಮಾರನೆಯ ದಿನ ಅಟ್ಟದಿಂದ ನಮ್ಮ ಮೊದಲ ಎರಡು ಜಾನಪದ ಕ್ಯಾಸೆಟ್ ಇಳಿಸಿದೆ. ಮೊದಲನೆಯದರಲ್ಲಿ ನಿನ್ನ ಹಾರ್ಮೋನಿಯಂ, ನನ್ನ ತಾಳ, ಹಾಡಿದವಳು ನನ್ನ ಹೆಂಡತಿ. ಆಗಿನ್ನೂ ನಮ್ಮ ಮದುವೆಯಾಗಿರಲಿಲ್ಲ. ಸಾಲುಸಾಲಿನ ಕೊನೆಗೂ ಅದೇ ಜಾರು. ಅದನ್ನು ತಿದ್ದಬೇಕೆಂದು ನಾನು ಎಷ್ಟು ಸಲ ಹಾಡು ನಿಲ್ಲಿಸಿ ಮೊದಲಿಂದ ಹಾಡಿಸಿದ್ದೆ, ನಿನಗೆ ನೆನಪಿರಬೇಕು. ಎರಡನೇ ಕ್ಯಾಸೆಟ್ಟಿನಲ್ಲಿ ಅವಳಿಲ್ಲ. ಹೆರಿಗೆಯಾದ ಮೇಲೆ ಗಂಟಲು ಹೋಯಿತು ಎಂದಿದ್ದಳು. ನಂಬಿದೆ. ಬಿಸಿನೀರು ಕಾಯಿಸಿ ಕೊಟ್ಟವನು ನಾನು. ಆದರೆ ನಿನ್ನ ಸಿನಿಮಾ ಬಂದಾಗ ಮಗಳು ಆಗಲೇ ಶಾಲೆಗೆ ಹೋಗುತ್ತಿದ್ದಳು!

ಬಟ್ಟೆ ಮಡಚುತ್ತಿದ್ದ ಹೆಂಡತಿಯ ಹತ್ತಿರ ಹೋಗಿ ಕೇಳಿದೆ, “ಆ ಯಂತ್ರ ಹಾಡ್ತಲ್ಲ, ಅದು ನಿನ್ನ ದನಿ ಅಲ್ವಾ?”

“ಯಂತ್ರದ ದನಿ ಯಂತ್ರದ್ದೇ ಇರತ್ತೆ.”

“ಕ್ಯಾಸೆಟ್ ಹಾಕ್ಲಾ?”

ಕೈಯಲ್ಲಿದ್ದ ದಿಂಬಿನ ಕವರನ್ನು ಮಡಚಿ ಮುಗಿಸಿ ಅಂದಳು, “ಹೌದು, ನಾನೇ. ಅವತ್ತು ಹಾಡೋರು ಯಾರೋ ಬಂದಿರ್ಲಿಲ್ವಂತೆ. ನಿಮ್ಮ ಸ್ನೇಹಿತ್ರು ಕರೆದ್ರು, ಹೋದೆ, ಹಾಡಿದೆ, ಬಂದೆ. ಏನೀಗ?”

“ಮತ್ತೆ ಗಂಟಲು?”

“ಅವತ್ತು ಸರಿ ಇತ್ತು.”

ಗಡ್ಡ, ನೇರವಾಗಿಯೇ ಕೇಳುತ್ತೇನೆ. ಪ್ರತಿ ಪತ್ರದಲ್ಲೂ ‘ಮನೆಯವರನ್ನು ಕೇಳಿದೆನೆಂದು ಹೇಳು’ ಎಂದು ಬರೆಯುತ್ತೀಯ. ಅದರ ಪಕ್ಕದಲ್ಲಿ ಇದೊಂದು ಸಾಲಿಗೆ ಜಾಗವಿರಲಿಲ್ಲವೇ? ಅವಳ ಗಂಟಲು ಸರಿಯಿದೆಯೆಂದು ನಿನಗೆ ಹೇಗೆ ಗೊತ್ತಾಯಿತು? ಹೋದದ್ದು ಅದೊಂದೇ ದಿನವೋ, ಇನ್ನೂ ಇದ್ದವೋ? ಸಿನಿಮಾದ ಕೊನೆಯಲ್ಲಿ ಬರುವ ಹೆಸರುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ, ಅವಳದ್ದಿಲ್ಲ. ಹೆಸರು ಬೇಡವೆಂದವರು ಯಾರು, ನೀನೋ ಅವಳೋ? ನಿನ್ನೆ ತಾನಾಗಿಯೇ “ಅವರ ಕಣ್ಣು ಹೇಗಿದ್ಯಂತೆ?” ಎಂದು ಕೇಳಿದಳು. ಆಪರೇಷನ್ ವಿಷಯ ನಾನು ಹೇಳಿರಲೇ ಇಲ್ಲ. ನಿನ್ನ ಪತ್ರ ಮೇಜಿನ ಮೇಲೇ ಬಿದ್ದಿತ್ತು, ನಿಜ. ಆದರೂ. ನಾನು ಅನುಮಾನದ ಪ್ರಾಣಿ ಎಂದು ನೀನು ಮೊದಲಿಂದಲೂ ಆಡಿಕೊಳ್ಳುತ್ತೀಯ. ಆಡಿಕೋ, ಆದರೆ ಉತ್ತರ ಬರೆ.

ಕಣ್ಣಿಗೆ ಧೂಳು ತಾಗಿಸಬೇಡ, ಹೊತ್ತಿಗೆ ಸರಿಯಾಗಿ ಔಷಧಿ ಹಾಕಿಕೋ. ನಿನ್ನ ಮೊಮ್ಮಗಳಿಗೆ ನನ್ನ ಆಶೀರ್ವಾದ. ನಗುನಗುತ್ತಾ ನೂರ್ಕಾಲ ಬಾಳಲಿ.

ಇಂತಿ ನಿನ್ನ,
ತಾಳಪ್ಪ

ತಾ.ಕ.: ಅಂಚೆಗೆ ಹಾಕಲೆಂದು ಲಕೋಟೆಯನ್ನು ಮಗಳ ಕೈಗೆ ಕೊಡುವಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಅಮ್ಮ ಹಾಡ್ತಾಳೆ ಅಂತ ನಿಂಗೆ ಗೊತ್ತೇ ಇಲ್ವಾ ಅಪ್ಪಾ? ನಾನು ಚಿಕ್ಕೋಳಿದ್ದಾಗಿಂದ್ಲೂ, ನೀನು ಅಂಗಡಿಗೆ ಹೋದ್ಮೇಲೆ ದಿನಾ ಹಾಡ್ತಾಳಲ್ಲ. ನೀನು ಬಂದು ಗೇಟು ತೆಗೆದ ಸದ್ದು ಕೇಳಿದ್ರೆ ನಿಲ್ಲಿಸ್ತಾಳೆ.”

ಲಕೋಟೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ನಿನ್ನನ್ನು ಕೇಳಿದ್ದಕ್ಕೆ ಉತ್ತರ ಬೇಡ. ಇವತ್ತು ಅಂಗಡಿಗೆ ರಜೆ, ನಾನು ಮನೆಯಲ್ಲೇ ಇದ್ದೇನೆ. ಒಳಗೆ ಅವಳು ಪಾತ್ರೆ ಜೋಡಿಸುತ್ತಿದ್ದಾಳೆ, ಬಾಯಿ ಬಿಡದೆ.