ಐದನೆಯ ಕ್ಯಾಮೆರಾ

ಪರಮಪೂಜ್ಯ ಅಪ್ಪನವರಿಗೆ,

ಮನೆಯ ಕ್ಯಾಮೆರಾಗಳಿಗೆಂದು ನಾಳೆ ನೀವು ಕಂಪ್ಯೂಟರ್ ಕೊಳ್ಳುವಿರೆಂದು ತಿಳಿದು ಈ ವಿನಂತಿ. ಇರುವ ನಾಲ್ಕರಲ್ಲಿ ಗೇಟಿಗೊಂದು, ಉಳಿದ ಮೂರೂ ಇನ್ನೂ ಕತ್ತು ನಿಲ್ಲದ ತಮ್ಮನಿಗೆ. ಆ ಮಹಾಶಯರು ಆಕಳಿಸಿದ್ದನ್ನೂ ತಿಂಗಳುಗಟ್ಟಲೆ ಉಳಿಸಿಡಲು ದೊಡ್ಡ ಹಾರ್ಡ್ ಡಿಸ್ಕೇ ಬೇಕಂತೆ.

ನಿನ್ನೆ ತೊಟ್ಟಿಲ ಕ್ಯಾಮೆರಾಕ್ಕೆ ಕಾಲುಚೀಲ ತೊಡಿಸಿದ್ದು ನಾನೇ. ಎರಡೇ ನಿಮಿಷಕ್ಕೆ ಆಫೀಸಿನಿಂದ ಫೋನ್ ಬಂತು. ನಾನು "ಅಪ್ಪಾ" ಅನ್ನುವಷ್ಟರಲ್ಲಿ "ಪಾಪು ಎಲ್ಲೇ?" ಅಂದಿರಿ. ಶನಿವಾರ ನಾನು ಸೈಕಲ್ಲಿಂದ ಬಿದ್ದದ್ದು ನಿಮಗೆ ಇನ್ನೂ ಗೊತ್ತಿಲ್ಲ.

ಆದ್ದರಿಂದ ಐದು ಕ್ಯಾಮೆರಾಗಳ ಭಾರ ತಾಳುವಂಥ ಕಂಪ್ಯೂಟರನ್ನೇ ಆರಿಸಿ. ಐದನೆಯದನ್ನು ನನ್ನ ಓದುವ ಮೇಜಿನ ಎದುರು ಹಾಕಿಸಿ. ಅಲ್ಲಿ ಕಳ್ಳರು ಒಯ್ಯುವಂಥದ್ದು ಏನೂ ಇಲ್ಲ. ನೀವು ಆಗಾಗ ನೋಡಿದರೆ ಸಾಕು.

ಇಂತಿ ನಿಮ್ಮ ಹಳೆಯ ಮಾಡೆಲ್,
ಮಗಳು