ಹನ್ನೊಂದನೆಯ ಸಾಲು

ಬಾಂದ್ರಾ, ಮುಂಬಯಿ
೧೪ ಸೆಪ್ಟೆಂಬರ್ ೧೯೯೧

ಪ್ರೀತಿಯ ಪಂಕಜಕ್ಕನಿಗೆ ರಮಾಮಣಿಯ ನಮಸ್ಕಾರಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಮೊದಲು ಬೈದುಬಿಡು, ಆಮೇಲೆ ಓದು. ನೀನು ಕಳಿಸಿದ ಹುಳಿಪುಡಿ ಆಗಲೇ ಡಬ್ಬಿಯ ತಳ ಮುಟ್ಟಿದೆ. ಇಲ್ಲಿ ಒಂದು ತಿಂಗಳಿಂದ ಮನೆಯೇ ಕೋರ್ಟಾಗಿತ್ತು.

ನ್ಯಾಯಾಧೀಶರೆಲ್ಲ ತಮ್ಮ ಆಸ್ತಿಯ ಪಟ್ಟಿಯನ್ನು ಕೋರ್ಟು ಲೈಬ್ರರಿಯ ಬೋರ್ಡಿಗೆ ಹಾಕಲಿ ಎಂದು ಇವರ ಕೋರ್ಟಿನ ವಕೀಲರು ಕೇಳಿದ್ದಾರೆ. ಕಡ್ಡಾಯವೇನಲ್ಲ. ಇವರು ಮಾತ್ರ, ಕೊಟ್ಟರೆ ಮುಚ್ಚಿದ ಲಕೋಟೆಯಲ್ಲಿ ಹಿರಿಯ ನ್ಯಾಯಾಧೀಶರ ಕೈಗೇ ಕೊಡುತ್ತೇನೆ ಎಂದು ಹಟ ಹಿಡಿದರು.

"ಜನ ನನ್ನ ತೀರ್ಪು ಓದ್ಲಿ ಕಣೆ. ನನ್ನ ಬೀರು ಯಾಕೆ ತೆಗೆದು ನೋಡ್ಬೇಕು?"

"ನಿಮ್ಮೆದುರು ನಿಂತೋರ ಬೀರು ದಿನಾ ತೆಗೆಸ್ತೀರಲ್ಲ, ಅವ್ರಿಗೆ ಮಾನ ಇಲ್ವೆ?" ಎಂದೆ.

ಕಾಫಿ ಲೋಟ ಕೆಳಗಿಟ್ಟು ಪೇಪರು ಬಿಡಿಸಿದರು. ವಾದದಲ್ಲಿ ನನ್ನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ, ನಿನಗೇ ಗೊತ್ತು.

ಕೊನೆಗೆ ನಾನೇ ರಾಜಿ ಮಾಡಿಸಿದೆ. ಮನೆ ನಂಬರು, ಲಾಕರ್ ನಂಬರು ಕಳ್ಳರಿಗಲ್ಲದೆ ಯಾರಿಗೂ ಬೇಡ, ಅವು ಬೇಡ. ಉಳಿದದ್ದೆಲ್ಲ ಬರಲಿ, ಘಾಟ್ಕೋಪರ್ ಫ್ಲ್ಯಾಟು, ಹಳೇ ಕಾರು, ಅಮ್ಮ ಕೊಟ್ಟ ನನ್ನ ಬಳೆ ಕೂಡ. ಇವರು ಹೇಳುತ್ತ ಹೋದರು, ನಾನು ಬರೆದೆ. ಹತ್ತು ಸಾಲಿಗೆ "ಮುಗೀತು" ಎಂದರು, ಆದರೆ ನನ್ನ ಮುಖ ನೋಡಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಲದೆ? ಬಿಡದೆ ಕೇಳಿದೆ. ಹನ್ನೊಂದನೆಯದು ಒಂದಿತ್ತು, ವಡಾಲದ ಅಂಚೆ ಕಚೇರಿಯ ಪಾಸ್‌ಬುಕ್.

"ಅದೊಂದು ನಮ್ಮಿಬ್ಬರಲ್ಲೇ ಇರ್ಲಿ, ರಮಾ."

"ಪೂರ್ತಿ ಇಲ್ಲದ ಪಟ್ಟಿಗೆ ಸಹಿ ಹಾಕಿ ಆ ಕುರ್ಚಿ ಮೇಲೆ ಹೇಗೆ ಕೂರ್ತೀರಿ?" ಎಂದು ನಾನೇ ಬರೆದುಬಿಟ್ಟೆ. ಸೋಮವಾರದಿಂದ ಪಟ್ಟಿ ಬೋರ್ಡಿನ ಮೇಲಿದೆ. ನಾನು ಮಾಡಿದ್ದು ಸರಿ ಎಂದೇ ಈಗಲೂ ಹೇಳುತ್ತೇನೆ.

ನಿನ್ನ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ. ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ, ಚೆನ್ನಾಗಿ ಬಾಳಲಿ.

ನಿನ್ನ ತಂಗಿ
ರಮಾಮಣಿ

ತಾ.ಕ.: ಆ ಪಾಸ್‌ಬುಕ್ ನಮ್ಮ ಸರಸ್ವತಿಯದು. ಹತ್ತು ವರ್ಷಕ್ಕೇ ಹೋದ ಮಗುವಿನ ಖಾತೆಗೆ ಇವರು ಪ್ರತಿ ಹುಟ್ಟುಹಬ್ಬಕ್ಕೂ ಹಣ ಕಟ್ಟುತ್ತ ಬಂದಿದ್ದಾರೆ. ಎಂಟು ವರ್ಷ ನನಗೂ ಹೇಳಲಿಲ್ಲ. ನಿನ್ನೆ ಸಿದ್ದಲಿಂಗಪ್ಪ ಎಂಬ ಹೊಸ ವಕೀಲರು ಪಟ್ಟಿಯಲ್ಲಿ ಮಗಳ ಹೆಸರು ಕಂಡು, "ಮಗಳು ಏನ್ ಓದಾಕತ್ಯಾಳ್ರೀ ಸಾಹೇಬ್ರ?" ಎಂದು ಕೇಳಿದರಂತೆ. ಸುಳ್ಳಾಡಿದವರಿಗೆ ಶಿಕ್ಷೆ ಕೊಡುವ ಈ ಮನುಷ್ಯ, "ಈ ವರ್ಷ ಕಾಲೇಜಿಗೆ ಸೇರಿದ್ಲು" ಎಂದು ಹೇಳಿ ಬಂದಿದ್ದಾರೆ. ನಾನು ಬೈಯಲಿಲ್ಲ ಅಕ್ಕ. ಯಾವ ಕಾಲೇಜು ಅಂತ ಹೇಳಿದ್ರಿ ಎಂದು ಮಾತ್ರ ಕೇಳಿದೆ.