ಚಹಾದ ಮೇಲೆ ಹೊರಿಸಿದ್ದು

ಜೂನ್ 2, ಸೋಮವಾರ

ಜಿಟಿಜಿಟಿ ಮಳೆ. ಶತಾವರಿ ಬೇರು ಒಣಗಲೊಲ್ಲದು. ಮಾಳಿಗೆಯ ಮೇಲೆ ಹರವುವುದು, ಹನಿ ಬಿದ್ದರೆ ಒಳಗೆ ತರುವುದು — ಬೆಳಿಗ್ಗೆಯಿಂದ ಇದೇ ಕುಣಿತ. ಬೂಷ್ಟು ಬಂದರೆ ಇಡೀ ಬ್ಯಾಚ್ ತಿಪ್ಪೆಗೆ. ಪಾಕೀಟಿನ ಮೇಲೆ ‘ಆರ್ಗ್ಯಾನಿಕ್’ ಅಂತ ಹಾಕಿಸುವುದು ಸುಲಭ, ಕೆಲಗೇರಿಯ ಜೂನ್ ತಿಂಗಳಲ್ಲಿ ಮಾಡಿ ತೋರಿಸಲಿ ಯಾರಾದರೂ.

ಹನ್ನೊಂದಕ್ಕೆ ಮುಟ್ಟಿನ ನೋವಿನ ಚಹಾದ ಹೊಸ ಬ್ಯಾಚಿನ ರುಚಿ. ಅಶೋಕದ ಚಕ್ಕೆ, ಲೋಧ್ರ, ಶತಾವರಿ, ಒಣಶುಂಠಿ, ಬಡೇಸೋಪು, ದಾಸವಾಳ. ಕೆಲಸದವರಿಬ್ಬರೂ ನಾನೂ ಒಂದೊಂದು ಬಟ್ಟಲು ಕುಡಿದು ನೋಡಿದ ಮೇಲೆಯೇ ಪ್ಯಾಕಿಂಗ್. ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ: ದಿನ ನಿಂತಿವೆಯೇ? ಬಸುರಿ ಈ ಚಹಾ ಮುಟ್ಟಕೂಡದು. ಪಾಕೀಟಿನ ಮೇಲೂ ಕೆಂಪು ಅಕ್ಷರದಲ್ಲಿದೆ.

ಸತ್ಯವ್ವ ನಕ್ಕಳು. “ಮೊಮ್ಮಕ್ಕಳನ್ನ ಕಂಡಾಕಿನ್ನ ಏನ್ ಕೇಳ್ತೀಬೇ ಜಯಾ?”

ಉಮಾಶ್ರೀ ತಲೆ ಎತ್ತಲಿಲ್ಲ. “ಇಲ್ರೀ ಅಕ್ಕಾರ,” ಅಂದಳು. ಕುಡಿದಳು. ಕಹಿ ಹೆಚ್ಚಾಗಿದೆಯಂತೆ. ಖರೇ, ಸೋಪು ಹೆಚ್ಚಿಸಬೇಕು.

ಆಕೆಯ ಮುಂಗೈಯಲ್ಲಿ ಮತ್ತೆ ಗಾಯ. ಬಳೆ ಒಡೆಯಿತಂತೆ. ಇದ್ದಕ್ಕಿದ್ದಂತೆ ಒಡೆಯುವ ಬಳೆಗಳನ್ನೇ ಹುಡುಕಿ ಕೊಳ್ಳುತ್ತಾಳೋ ಏನೋ. ಗಂಡ ಸಂಕೇತ ಟೆಂಪೋ ಹೊಡೆಯುತ್ತಾನೆ. ಹೆಂಡತಿಯನ್ನೂ. ಕೇಳಿದರೆ — “ಬಿಡ್ರಿ ಅಕ್ಕಾರ.” ಬಿಟ್ಟೆ.

ಜೂನ್ 5, ಗುರುವಾರ

ಉಮಾ ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಫೋನ್ ಸ್ವಿಚ್ ಆಫ್. ಉಣಕಲ್ಲಿನ ಅಂಗಡಿಯ ಆರ್ಡರ್ ಹಾಗೇ ಬಿದ್ದಿದೆ. ಲೇಬಲ್ ಅಂಟಿಸಿ ಅಂಟಿಸಿ ಬೆರಳು ಬಿಗಿದಿವೆ. ಬರಲಿ, ಬೈಯುತ್ತೇನೆ.

ಜೂನ್ 6, ಶುಕ್ರವಾರ. ಮಧ್ಯಾಹ್ನ 3

ಬರೆಯುತ್ತೇನೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ಸಂಕೇತ ಬಂದ. ಜೊತೆಗೆ ಇನ್ನಿಬ್ಬರು. ಮಾತಿಲ್ಲ ಕತೆಯಿಲ್ಲ, ಮೊದಲು ಗಾಜಿನ ಭರಣಿಗಳು ಹೋದವು. ಆಮೇಲೆ ತಕ್ಕಡಿ. ದಾಸವಾಳದ ಚೀಲ ಸೀಳಿ ತುಳಿದರು. ಗ್ರೈಂಡರ್ ಎತ್ತಿ ಅಂಗಳಕ್ಕೆ ಒಗೆದರು. ಅಡ್ಡ ಹೋದ ಸತ್ಯವ್ವನನ್ನು ನೂಕಿದರು. ಮುದುಕಿಯ ತಲೆ ಹೊಸ್ತಿಲಿಗೆ ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ.

ಸಂಕೇತ ನನ್ನ ಜಡೆ ಹಿಡಿದು ಗೋಡೆಗೆ ಬಡಿದ. ಒಂದಲ್ಲ, ಎರಡಲ್ಲ. “ನನ್ನ ಕೂಸಿನ್ನ ತಿಂದ್ಯಲ್ಲಲೇ! ಏನ್ ಹಾಕಿ ಕುಡಿಸಿದಿ? ಬೊಗಳು!”

ಯಾವ ಕೂಸು? ನನಗೆ ಅರ್ಥವೇ ಆಗಲಿಲ್ಲ. ಬಾಯಿ ತುಂಬ ರಕ್ತ. ಅವನ ಕೈ ಬಾಯಿಯ ಹತ್ತಿರ ಬಂತು, ಕಚ್ಚಿದೆ. ಎಲುಬು ಹಲ್ಲಿಗೆ ತಾಗುವವರೆಗೂ ಬಿಡಲಿಲ್ಲ. ಅವನು ಹಂದಿಯ ಹಾಗೆ ಕಿರುಚಿದ.

ಬಾಗಿಲಲ್ಲಿ ಅವನ ತಾಯಿ ರತ್ನವ್ವ ಎದೆ ಬಡಿದುಕೊಳ್ಳುತ್ತಿದ್ದಳು. “ಬಸುರಿದ್ಲೋ ಯಪ್ಪಾ ನನ್ನ ಸೊಸಿ! ಮೂರು ತಿಂಗಳು ತುಂಬೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ, ದೃಷ್ಟಿ ಆಕ್ಕೈತಿ ಅಂತ ನಾನ ಹೇಳಿದ್ದೆ. ಎಲ್ಲಾ ಇಳದ ಹೋತು. ಯಾರ್ಯಾರ ಕೈಯಾಗಿಂದೋ ಕುಡೀಬ್ಯಾಡ ಅಂತನೂ ಬಡಕೊಂಡಿದ್ದೆ, ಕೇಳಲಿಲ್ಲ...”

ಯಾರ್ಯಾರ ಕೈ. ಯಾವ ಜಾತಿಯ ಕೈ ಅನ್ನುವುದನ್ನು ಮಾತ್ರ ನುಂಗಿಕೊಂಡಳು. ಬಲು ಮರ್ಯಾದಸ್ಥೆ.

ಜೂನ್ 7, ಶನಿವಾರ

ತುಟಿಗೆ ಹೊಲಿಗೆ. ಒಂದು ಹಲ್ಲು ಅಲ್ಲಾಡುತ್ತಿದೆ. ಸತ್ಯವ್ವನಿಗೆ ತಲೆಗೆ ಪಟ್ಟಿ. “ಪೊಲೀಸ್ರಿಗೆ ಹೇಳ್ಬೇ,” ಅನ್ನುತ್ತಾಳೆ. ಹೋಗಿಲ್ಲ.

ಯಾಕೆಂದರೆ... ನನ್ನ ಚಹಾವೇ ಮಾಡಿದ್ದರೆ?

ನಾನು ಕೇಳಿದ್ದೆ. ಆಕೆ ಇಲ್ಲ ಅಂದಳು. ಅಷ್ಟಕ್ಕೆ ನಾನು ಪಾರಾದೆನೇ? ಹೊಸದಾಗಿ ಮದುವೆಯಾದ ಹುಡುಗಿ, ಅತ್ತೆ ಬಾಯಿ ಕಟ್ಟಿದ್ದಾಳೆ, ನಾಲ್ಕು ಜನರ ಎದುರು ಹೌದು ಅನ್ನುತ್ತಾಳೆಯೇ? ನಮ್ಮಲ್ಲಿ ಯಾರು ಮೂರು ತಿಂಗಳೊಳಗೆ ಬಾಯಿ ಬಿಟ್ಟಿದ್ದಾರೆ? ನನಗೆ ಗೊತ್ತಿರಬೇಕಿತ್ತು. ಅಶೋಕ, ಲೋಧ್ರ ಇಂಥದ್ದು ಮಾಡುತ್ತವೆ ಅಂತ ಈ ಚಹಾ ಕಲಿಸಿದ ಅಜ್ಜಿ ಎಂದೂ ಹೇಳಿರಲಿಲ್ಲ. ಮಾಡುವುದಿಲ್ಲ ಅಂತಲೂ ಹೇಳಿರಲಿಲ್ಲ. ‘ಬಸುರಿಗೆ ಬ್ಯಾಡ’ — ಅಷ್ಟೇ ಮಾತು.

ಬೆಳಿಗ್ಗೆಯಿಂದ ಅಳುತ್ತಿದ್ದೇನೆ. ತುಟಿಯ ಹೊಲಿಗೆಗೆ ಉಪ್ಪು ನೀರು ಹತ್ತಿ ಉರಿಯುತ್ತಿದೆ. ಉರಿಯಲಿ.

ಜೂನ್ 9, ಸೋಮವಾರ

ಉಮಾ ಇರುವ ದವಾಖಾನೆಗೆ ಹೋದೆ. ಕಾಲು ಹಿಡಿದು ಕ್ಷಮೆ ಕೇಳಬೇಕು ಅಂತಲೇ ಹೋದೆ. ರತ್ನವ್ವ ಬುತ್ತಿ ತರಲು ಮನೆಗೆ ಹೋಗಿದ್ದಳು. ಉಮಾಗೆ ಜ್ವರ ಇಳಿದಿಲ್ಲ. ಮುಖ ಸುಣ್ಣ ಬಳಿದಂತಿದೆ.

“ಉಮಾ, ನನ್ನಿಂದ...” ಅಂದೆ.

ಆಕೆ ಅತ್ತಿತ್ತ ನೋಡಿ ಚಾದರ ಸರಿಸಿದಳು. ಹೊಕ್ಕಳದ ಕೆಳಗೆ ಕಪ್ಪು. ಅಂಚು ಹಸಿರು, ಹಳದಿ. ಅಂಗೈಯಷ್ಟಲ್ಲ, ಅಂಗಾಲಿನಷ್ಟು.

“ಚಹಾ ಅಲ್ರೀ ಅಕ್ಕಾರ. ಬುಧವಾರ ಮುಂಜಾನಿ ಕೆಲಸಕ್ಕ ಹೊಂಟಿದ್ದೆ. ಬ್ಯಾಡಂದ. ಹೋಗಾಕಬೇಕು ಅಂದೆ. ಕೆಡವಿ ಒದ್ದ. ಬೂಟು ಹಾಕ್ಕೊಂಡಿದ್ದ.”

“ಡಾಕ್ಟರ್‌ಗೆ ಹೇಳಿದೇನು?”

“ಪೆಟ್ಟು ಬಿದ್ದಿತ್ತೇನು ಅಂತ ಕೇಳಿದ್ರು. ನಾ ಬಾಯಿ ತಗಿಯೂದ್ರೊಳಗ ಅತ್ತಿ ‘ಔಷಧ ಚಹಾ ಕುಡದಾಳ್ರಿ’ ಅಂದ್ರು.” ನನ್ನ ಕೈ ಹಿಡಿದಳು. “ಯಾರ ಮುಂದೂ ಹೇಳಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ. ಹೇಳಿದ್ರ ಕೊಂದ ಹಾಕ್ತಾನ.”

ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಏನನಿಸಿತು ಅಂತ ಇಲ್ಲಿಯಾದರೂ ಸುಳ್ಳು ಬರೆಯಬಾರದು. ಮೊದಲು ಹಗುರವೆನಿಸಿತು. ಕೂಸು ಹೋದ ಹುಡುಗಿ ಒಳಗೆ ಮಲಗಿದ್ದಾಳೆ, ನನಗೆ ಹಗುರ! ಆಮೇಲೆ ಸಿಟ್ಟು ಬಂತು. ಅವನನ್ನು ನೆಲಕ್ಕೆ ಕೆಡವಿ, ಅದೇ ಬೂಟು ಹಾಕಿಕೊಂಡು...

ಜೂನ್ 15, ರವಿವಾರ

ಶಾಂತಯ್ಯನವರ ಜಗಲಿಯ ಮೇಲೆ ಹಿರಿಯರು ಕೂತರು. ಓಣಿಯ ನ್ಯಾಯವೆಲ್ಲ ಅಲ್ಲಿಯೇ. ಉಮಾಳನ್ನೂ ಕರೆತಂದಿದ್ದರು, ಕಂಬಕ್ಕೆ ಒರಗಿ ನಿಂತಿದ್ದಳು. ಕೂಡು ಅನ್ನುವವರಿಲ್ಲ.

“ತಪ್ಪಾತು ಅಂತ ರತ್ನವ್ವನ ಕಾಲು ಮುಟ್ಟು. ಅಂಗಡಿ ಮುಚ್ಚು. ಪೊಲೀಸು ಗಿಲೀಸು ಇಬ್ಬರಿಗೂ ಬ್ಯಾಡ,” ಅಂದರು ಶಾಂತಯ್ಯನವರು.

ಮುಟ್ಟಬೇಕಿತ್ತು. ಬಗ್ಗಿದೆ ಕೂಡ. ಅಷ್ಟರಲ್ಲಿ ಸಂಕೇತ ಮೀಸೆಯೊಳಗೇ ನಕ್ಕ. ಅವನ ಕೈಯ ಮೇಲೆ ನನ್ನ ಹಲ್ಲಿನ ಗುರುತು ಕಾಣುತ್ತಿತ್ತು. ನೆಟ್ಟಗೆ ನಿಂತೆ.

“ಚಹಾ ಅಲ್ರಿ. ಇಂವಾ ಹೆಂಡ್ತಿ ಹೊಟ್ಟಿಗೆ ಒದ್ದಾನ. ಬೂಟುಗಾಲಲೆ. ನಾ ಕಲೆ ನೋಡೇನಿ.”

ಗದ್ದಲವೋ ಗದ್ದಲ. ಸಂಕೇತ ಮೇಲೆ ಬಿದ್ದ, ಜನ ಹಿಡಿದರು. ಶಾಂತಯ್ಯನವರು ಕೈ ಎತ್ತಿ ಸುಮ್ಮನಿರಿಸಿ ಉಮಾಳತ್ತ ತಿರುಗಿದರು. “ನೀ ಹೇಳವಾ ತಂಗಿ. ಒದ್ದಾನೇನು?”

ಎಲ್ಲರ ಕಣ್ಣೂ ಆಕೆಯ ಮೇಲೆ. ನನ್ನವೂ. ದೇವರೇ, ಹೇಳಲಿ.

“ಇಲ್ರೀ ಅಜ್ಜಾರ. ಒದ್ದಿಲ್ರಿ. ಚಹಾ ಕುಡದದ್ದಕ್ಕ ಆತ್ರಿ.”

ಮುಗಿಯಿತು. ಯಾರೋ ನನ್ನ ಮುಖಕ್ಕೆ ಉಗುಳಿದರು. ಒರೆಸಿಕೊಂಡೆ. ಉಮಾ ನನ್ನತ್ತ ನೋಡಿದಳು. ಸಿಟ್ಟಿರಲಿಲ್ಲ, ಹೆದರಿಕೆ ಮಾತ್ರ. ಅವಳನ್ನು ಕರೆದುಕೊಂಡು ಹೋಗುವಾಗ ಸಂಕೇತ ರಟ್ಟೆ ಹಿಡಿದಿದ್ದ ರೀತಿ ನೋಡಿದೆ. ಹೇಳಬೇಡ ಅಂದಿದ್ದಳು. ಹೇಳಿಬಿಟ್ಟೆ. ಆಕೆಗಾಗಿ ಹೇಳಿದೆನೋ, ನನ್ನ ಚಹಾಕ್ಕಾಗಿಯೋ?

ಜೂನ್ 16, ಸೋಮವಾರ

ಗೋಡೆಯ ಮೇಲೆ ಡಾಂಬರಿನಲ್ಲಿ ಬರೆದಿದ್ದಾರೆ — ಬಸುರು ಇಳಿಸುವ ಚಹಾ. ಕಿಟಕಿಗೆ ಕಲ್ಲು. ಆರ್ಡರ್ ಎಲ್ಲ ಕ್ಯಾನ್ಸಲ್. ಬೀಗ ಹಾಕಿದೆ.

ಜುಲೈ 1, ಮಂಗಳವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ತಿಂದೆ, ಮಲಗಿದೆ.

ಇವತ್ತು ಸತ್ಯವ್ವ ಓಡುತ್ತ ಬಂದಳು. ಹಿಟ್ಟಿನ ಗಿರಣಿಯಲ್ಲಿ ಉಮಾಳನ್ನು ಕಂಡಳಂತೆ. “ಒಂದು ಕಣ್ಣು ಮುಚ್ಚೇ ಬಿಟ್ಟೈತಬೇ. ಕುಂಟಾಕತ್ತಾಳ. ಅವತ್ತ ನೀ ಹೇಳಿದ್ದಕ್ಕ ದಿನಾ ಹೊಡಿಯಾಕತ್ತಾನಂತ.”

ನಾನು ಹೇಳಿದ್ದಕ್ಕೆ.

ಹೋದೆ. ಸತ್ಯವ್ವ ಸೆರಗು ಹಿಡಿದು ಎಳೆದರೂ ಹೋದೆ. ಬಾಗಿಲು ಹಾಕಿತ್ತು. ಒಳಗೆ ಧಪ್ ಧಪ್ ಸದ್ದು, ನಡುವೆ ಒಂದು ಸಣ್ಣ ದನಿ. ಕೂಗಾಡಿದೆ, ಬಾಗಿಲು ಒದ್ದೆ. ಆಚೀಚೆ ಮನೆಯವರು ಕಿಟಕಿ ಮುಚ್ಚಿಕೊಂಡರು. ಒಬ್ಬರು ಟಿವಿ ಜೋರು ಮಾಡಿದರು. ಸಂಕೇತ ಹೊರಗೆ ಬಂದ, ಬೆವರು ಒರೆಸಿಕೊಳ್ಳುತ್ತ. “ಇನ್ನೊಮ್ಮೆ ಈ ಓಣ್ಯಾಗ ಕಾಲಿಟ್ರ ಟೆಂಪೋ ಹಾಯಿಸ್ತೇನಿ.”

ಕಲ್ಲು ಎತ್ತಿ ಅದೇ ಟೆಂಪೋದ ಗಾಜಿಗೆ ಹಾಕಿದೆ. ಪೂರಾ ಪುಡಿ. ಛಲೋ ಅನಿಸಿತು. ಅವನು ನನ್ನ ಹಿಂದೆ ಬರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಹೋದ. ಆಗ ತಿಳಿಯಿತು ಗಾಜಿನ ಲೆಕ್ಕ ಯಾರ ಮೈಮೇಲೆ ತೀರುತ್ತದೆ ಅಂತ.

ಠಾಣೆಗೆ ಹೋದೆ. “ಆಕಿನ ಬಂದು ಹೇಳ್ಬೇಕವಾ,” ಅಂದರು.

ಜುಲೈ 3, ಗುರುವಾರ. ಬೆಳಿಗ್ಗೆ 7

ಉಮಾ ಬಂದಿದ್ದಾಳೆ.

ಬರಿಗಾಲು. ಸೀರೆ ಸೊಂಟದವರೆಗೆ ರಕ್ತ, ಎರಡೂ ಮೊಳಕೈ ರಕ್ತ. “ಎಲ್ಲಿ ಹೊಡದಾನ? ತೋರಿಸು!” ಅಂತ ಚೀರಿದೆ.

“ನಂದಲ್ರೀ ಅಕ್ಕಾರ. ಈ ರಕ್ತ ನಂದಲ್ಲ.”

ರೊಟ್ಟಿ ಮಾಡುತ್ತಿದ್ದಳಂತೆ. ಹಿಂದಿನಿಂದ ಬಂದು ಕೂದಲು ಹಿಡಿದನಂತೆ. ಕಾದ ಹಂಚು ಕೈಗೆ ಸಿಕ್ಕಿತು. ಎಷ್ಟು ಸಲ ಹೊಡೆದಳೋ ಆಕೆಗೇ ಗೊತ್ತಿಲ್ಲ. ಅಂಗೈ ಸುಟ್ಟು ಬೊಬ್ಬೆ ಎದ್ದಿದೆ, ಅದೂ ಈಗ ನಾನು ತೋರಿಸಿದ ಮೇಲೆ ತಿಳಿಯಿತು.

“ಉಸುರು ಐತೇನು?”

“ಬಿದ್ದಾನ್ರಿ. ಒದರಾಕತ್ತಿದ್ದ. ಆಮ್ಯಾಲ ಒದರಲಿಲ್ಲ.”

ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ಸತ್ಯವ್ವನ ಮಗ ಆಟೋ ತರುತ್ತಿದ್ದಾನೆ, ಠಾಣೆಗೆ ಹೋಗಲು. ಅಲ್ಲಿಯವರೆಗೆ ಆಕೆ ಹೇಳಿದ್ದನ್ನು ಹೇಳಿದಂತೆ ಬರೆಯುತ್ತಿದ್ದೇನೆ. ನನ್ನ ತಲೆ ನೆಟ್ಟಗಿಲ್ಲ, ಮರೆಯಬಾರದು.

“ಅಲ್ಲಿ ಏನ್ ಹೇಳ್ತಿ ಉಮಾ?”

“ಎಲ್ಲಾ ಹೇಳ್ತೇನ್ರಿ. ಕೂಸಿಂದೂ ಹೇಳ್ತೇನಿ.”

ಓಣಿಯಲ್ಲಿ ಗದ್ದಲ. ರತ್ನವ್ವನ ದನಿ. ಇಡೀ ಕೆಲಗೇರಿಯನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದಂತಿದೆ. “ಹೊರಗ ಬಾರಲೇ! ಮೊದಲ ಚಹಾ ಕುಡಿಸಿ ಮೊಮ್ಮಗನ್ನ ತಿಂದಿ, ಈಗ ಮಂತ್ರಾ ಹಾಕಿ ಮಗನ್ನ ಹೊಡಿಸಿದಿ!”

ಬಾಗಿಲಿಗೆ ಕಲ್ಲು ಬೀಳುತ್ತಿವೆ. ಮಂಚ ಎಳೆದು ಅಡ್ಡ ಇಟ್ಟಿದ್ದೆ. ಉಮಾ ಅದನ್ನು ಸರಿಸುತ್ತಿದ್ದಾಳೆ. ಬೇಡ ಅಂದೆ. ಕೈ ಕೊಡವಿದಳು. ಚಿಲಕ ತೆಗೆದಳು. ಕಲ್ಲು ನಿಂತವು.

ಹೊಸ್ತಿಲ ಮೇಲೆ ನಿಂತಿದ್ದಾಳೆ, ಅದೇ ರಕ್ತದ ಸೀರೆಯಲ್ಲಿ. ದನಿ ನಡುಗುತ್ತಿಲ್ಲ. ಜಗಲಿಯ ಮೇಲಿನ ದನಿಯೇ ಅಲ್ಲ ಇದು.

“ಅತ್ತೀ, ಚಹಾ ಅಲ್ಲ. ಅದು ನಿಮಗ ಎಲ್ಲಾರಕಿಂತ ಮೊದಲ ಗೊತ್ತೈತಿ. ಅಂವಾ ಒದಿಯೂಮುಂದ ನನ್ನ ಎರಡೂ ಕೈ ಹಿಡಕೊಂಡಿದ್ದು ನೀವ.”